ಪೂರ್ವಕಥೆಯೂ ವಾಚಕರ ಕೋಪವೂ

ಕೈಗೆ ಬಂದ ಪುಸ್ತಕವನ್ನು ಓದಿ, ಅದು ಚೆನ್ನಾಗಿಲ್ಲವೆಂದು ಹೇಳುವ ಹಕ್ಕು ಓದುಗನಿಗೆ ಉಂಟು. ಇದನ್ನು ಅಲ್ಲಗಳೆಯುವ ಗ್ರಂಥಕರ್ತನಿದ್ದರೆ ಅವನು ಬರೆಯುವ ಕಸುಬನ್ನೇ ಬಿಡುವುದು ಮೇಲು. ಆದರೆ ಈಗ ನಮ್ಮ ವಿದ್ಯಾವಂತರ ಮನೆಗಳಲ್ಲಿ ಇನ್ನೊಂದು ಬಗೆಯ ತೀರ್ಪು ಕೇಳಿಬರುತ್ತಿದೆ. “ನಾವು ಕಾದಿದ್ದುದು ಬೇರೊಂದು ಪುಸ್ತಕಕ್ಕೆ, ಬಂದುದು ಇದು, ಆದುದರಿಂದ ಇದು ಕೆಟ್ಟದ್ದು” ಎಂಬುದೇ ಆ ತೀರ್ಪು. ಇದರಲ್ಲಿ ಪ್ರತಿಜ್ಞೆ ಉಂಟು, ನಿಗಮನ ಉಂಟು. ಹೇತುವಿನ ಸ್ಥಾನದಲ್ಲಿ ಕುಳಿತಿರುವುದು ಮಾತ್ರ ಹೇತ್ವಾಭಾಸ. ತರ್ಕಸಂಗ್ರಹವನ್ನು ಅರ್ಧ ಓದಿದ ಬಾಲಕನೂ ಇದನ್ನು ಒಪ್ಪಲಾರನು. ಒಪ್ಪುತ್ತಿರುವವರು ಬಿ.ಎ., ಬಿ.ಇ. ಪದವೀಧರರು.

ಇಷ್ಟು ಪೀಠಿಕೆಗೆ ಕಾರಣವಾದ ಕಥಾಮಾಲೆ ನಮ್ಮ ನಾಡಿನದಲ್ಲ. ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬವರು 1996ರಲ್ಲಿ ‘ಎ ಗೇಮ್ ಆಫ್ ಥ್ರೋನ್ಸ್’ ಎಂಬ ದೊಡ್ಡ ಕಾದಂಬರಿಯೊಂದನ್ನು ಹೊರಡಿಸಿದರು. ಏಳು ರಾಜ್ಯಗಳು, ಒಂದು ಸಿಂಹಾಸನ, ಅದಕ್ಕಾಗಿ ಹೊಡೆದಾಡುವ ಮನೆತನಗಳು, ಲೋಕದಿಂದ ಅಳಿದುಹೋದುವೆಂದು ಎಲ್ಲರೂ ನಂಬಿದ್ದ ಡ್ರ್ಯಾಗನ್ನುಗಳು ಮರಳಿ ಹುಟ್ಟುವುದು—ಇದು ಅದರ ವಸ್ತು. ಡ್ರ್ಯಾಗನ್ ಎಂದರೆ ರೆಕ್ಕೆಯುಳ್ಳ, ಬೆಂಕಿಯುಗುಳುವ ಘಟಸರ್ಪವೆಂದು ತಿಳಿದುಕೊಂಡರೆ ಸಾಕು. ಐದನೆಯ ಸಂಪುಟ 2011ರಲ್ಲಿ ಬಂದಿತು. ಅದೇ ವರ್ಷದಿಂದ 2019ರವರೆಗೆ ಕಥೆಯು ಟೆಲಿವಿಷನ್ನಿನಲ್ಲಿಯೂ ನಡೆದು, ಬೆಂಗಳೂರು, ಅಮೆರಿಕ ಸೇರಿದ ನಮ್ಮ ಹುಡುಗರ ಮೂಲಕ ಮದ್ದೂರು ಮಳವಳ್ಳಿಗಳ ಮನೆಗಳನ್ನೂ ಹೊಕ್ಕಿತು. ಆರನೆಯ ಸಂಪುಟಕ್ಕೆ ಓದುಗರು ಹದಿನಾಲ್ಕು ವರ್ಷ ಕಾದರು, ಅದು ಬರಲಿಲ್ಲ. ಬಂದುವು ಪೂರ್ವಕಥೆಗಳು. 2013ರಲ್ಲಿ ‘ದಿ ಪ್ರಿನ್ಸೆಸ್ ಅಂಡ್ ದಿ ಕ್ವೀನ್’, 2014ರಲ್ಲಿ ‘ದಿ ರೋಗ್ ಪ್ರಿನ್ಸ್’, 2018ರಲ್ಲಿ ಇವುಗಳ ವಸ್ತುವನ್ನೇ ವಿಸ್ತರಿಸಿದ ‘ಫೈರ್ ಅಂಡ್ ಬ್ಲಡ್’. ಇವುಗಳಿಗೂ ಮುಂಚೆ, 1998ರಲ್ಲಿಯೇ, ರಾಬರ್ಟ್ ಸಿಲ್ವರ್‌ಬರ್ಗ್ ಎಂಬವರು ಸಂಪಾದಿಸಿದ ‘ಲೆಜೆಂಡ್ಸ್’ ಎಂಬ ಸಂಕಲನದಲ್ಲಿ ‘ದಿ ಹೆಡ್ಜ್ ನೈಟ್’ ಎಂಬ ಸಣ್ಣ ಪೂರ್ವಕಥೆಯೊಂದು ಅಚ್ಚಾಗಿತ್ತು. ಇವುಗಳ ಮೇಲೆ ನಮ್ಮ ಯುವಕರು ಆಡುವ ಮಾತನ್ನು ಕೇಳಿದರೆ, ಗ್ರಂಥಕರ್ತನು ಇವರ ಮನೆಯ ಕಣಜಕ್ಕೆ ಕನ್ನ ಹಾಕಿದನೋ ಎನ್ನಬೇಕು.

ಪಾಠಶಾಲೆಯಲ್ಲಿ ಓದಿದವನಾದ ನಾನು ಇಂಗ್ಲಿಷನ್ನು ಕಲಿತುದು ತಡವಾಗಿ. ದೊಡ್ಡ ಸಂಪುಟಗಳು ನನ್ನ ಕಣ್ಣಿಗೂ ತಾಳ್ಮೆಗೂ ಮೀರಿದುವಾದರೂ ಓದಿದೆನು. ‘ಹೆಡ್ಜ್ ನೈಟ್’ ಎಂಬುದನ್ನು ಎರಡು ಸಲ ಓದಿದೆನು. ಒಡೆಯನಿಲ್ಲದೆ, ಮನೆಯಿಲ್ಲದೆ, ಬೇಲಿಯ ಬದಿಯಲ್ಲಿ ಮಲಗಿ ಊರಿಂದೂರಿಗೆ ಅಲೆಯುವ ಬಡ ವೀರನಿಗೆ ಆ ಹೆಸರು. ಡಂಕ್ ಎಂಬ ಎತ್ತರದ ಹುಡುಗನು ತನ್ನ ಮುದಿ ಯಜಮಾನನನ್ನು ಮಣ್ಣು ಮಾಡಿ, ಅವನ ಕತ್ತಿಕುದುರೆಗಳನ್ನು ತೆಗೆದುಕೊಂಡು ಒಂದು ಪಂದ್ಯದ ಬಯಲಿಗೆ ಬರುತ್ತಾನೆ. ಮುದುಕನು ಇವನಿಗೆ ವಿಧಿವತ್ತಾಗಿ ವೀರಪದವಿ ಕೊಟ್ಟನೋ ಇಲ್ಲವೋ ಎಂಬುದೇ ಸಂದೇಹ. ಕಥೆಯು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಜೊತೆಗೆ ತಲೆ ಬೋಳಿಸಿಕೊಂಡ ಚೂಟಿ ಹುಡುಗನೊಬ್ಬನು ಸೇವಕನಾಗಿ ಸೇರುತ್ತಾನೆ. ಅವನು ರಾಜಕುಮಾರನೆಂಬುದು ಆಮೇಲೆ ತಿಳಿಯುತ್ತದೆ. ಆ ಕಾಲಕ್ಕೆ ಘಟಸರ್ಪಗಳು ಸತ್ತು ಎಷ್ಟೋ ವರ್ಷಗಳಾಗಿವೆ. ಕಥೆಯಲ್ಲಿ ಬರುವ ಸರ್ಪ ಒಂದೇ, ಅದೂ ಮರದ್ದು. ಬೊಂಬೆಯಾಡಿಸುವ ಹುಡುಗಿಯೊಬ್ಬಳು ವೀರನು ಸರ್ಪವನ್ನು ಕೊಲ್ಲುವ ಆಟವನ್ನು ಆಡಿಸುತ್ತಾಳೆ. ರಾಜವಂಶದ ಲಾಂಛನವೇ ಸರ್ಪವಾದುದರಿಂದ, ಇದು ತನ್ನ ಕುಲಕ್ಕೆ ಮಾಡಿದ ದ್ರೋಹವೆಂದು ಕ್ರೂರನಾದ ಒಬ್ಬ ರಾಜಪುತ್ರನು ಆ ಹುಡುಗಿಯ ಬೆರಳನ್ನು ಮುರಿಯುತ್ತಾನೆ. ಡಂಕನು ಹಿಂದುಮುಂದು ನೋಡದೆ ರಾಜಪುತ್ರನನ್ನು ಹೊಡೆಯುತ್ತಾನೆ. ಮುಂದೆ ವಿಚಾರಣೆ, ಏಳೇಳು ಜನರ ದ್ವಂದ್ವ, ಡಂಕನ ಪಕ್ಷವನ್ನು ಹಿಡಿದ ಯುವರಾಜನು ಸ್ವಂತ ತಮ್ಮನ ಗದೆಯ ಪೆಟ್ಟಿನಿಂದಲೇ ಸಾಯುವುದು. ಒಬ್ಬ ಬೊಂಬೆಯಾಟದವಳ ಬೆರಳಿಗಾಗಿ ಒಂದು ರಾಜ್ಯವು ಒಳ್ಳೆಯ ಅರಸನನ್ನು ಕಳೆದುಕೊಂಡಿತು. ಇದು ತಕ್ಕ ಬೆಲೆಯೇ ಎಂದು ಡಂಕನು ತನ್ನನ್ನೇ ಕೇಳಿಕೊಳ್ಳುತ್ತಾನೆ. ಗ್ರಂಥಕರ್ತರು ಉತ್ತರ ಹೇಳುವುದಿಲ್ಲ.

ತೊಗಲುಗೊಂಬೆಯ ಆಟವನ್ನು ಕಂಡು ಬೆಳೆದ ನಮ್ಮ ಜಿಲ್ಲೆಯವರಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ನಾನು ಕೇಳಿದ ಮಾತುಗಳೇನು? “ಇದರಲ್ಲಿ ದೊಡ್ಡ ಕಥೆ ಮುಂದುವರಿಯುವುದಿಲ್ಲ.” “ಸರ್ಪವೇ ಇಲ್ಲ.” “ಹುಡುಗನು ಮುಂದೆ ಅರಸನಾಗುತ್ತಾನೆಂದು ಗೊತ್ತೇ ಇದೆಯಲ್ಲ, ಇನ್ನೇನಿದೆ?” “ಈ ಕಾಲದಲ್ಲಿ ಆರನೆಯ ಸಂಪುಟವನ್ನು ಬರೆಯಬಹುದಾಗಿತ್ತು.” ಕೊನೆಯ ಮಾತಂತೂ ಲೆಕ್ಕಕ್ಕೂ ನಿಲ್ಲುವುದಿಲ್ಲ. ಈ ಕಥೆ ಅಚ್ಚಾದಾಗ ಮೂರನೆಯ ಸಂಪುಟವೇ ಇನ್ನೂ ಹೊರಬಿದ್ದಿರಲಿಲ್ಲ. ಅದು ಬಂದುದು 2000ದಲ್ಲಿ. ಕೋಪಕ್ಕೆ ಪಂಚಾಂಗ ತಿಳಿಯದು.

ಶಿವನಸಮುದ್ರದಲ್ಲಿರುವ ನಮಗೆ ಈ ಕೋಪದ ಪರಿಚಯ ಚೆನ್ನಾಗಿದೆ. ಬೇಸಗೆಯಲ್ಲಿ ದೂರದೂರಿನಿಂದ ಬಂದವರು ಗಗನಚುಕ್ಕಿಯ ಎದುರು ನಿಂತು, ಕರಿಯ ಬಂಡೆಯ ಮೇಲೆ ಇಳಿಯುವ ಎಳೆಯಷ್ಟು ನೀರನ್ನು ನೋಡಿ, “ಇದಕ್ಕಾಗಿ ಇಷ್ಟು ದೂರ ಬಂದೆವೆ?” ಎಂದು ನದಿಯನ್ನೇ ಬೈಯುವುದನ್ನು ಪ್ರತಿವರ್ಷವೂ ಕೇಳುತ್ತೇವೆ. ನೀರು ಎಲ್ಲಿಗೂ ಓಡಿಹೋಗಿಲ್ಲ. ಮೇಲುಗಡೆ ಕಾಲುವೆಗೆ ತಿರುಗಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಬ್ಲಫಿನ ವಿದ್ಯುದಾಗಾರದ ಕಡೆಗೆ ಇಳಿದಿದೆ. ಅಲ್ಲಿ ಹೋಗಿ ನೋಡುವ ಮನಸ್ಸು ಇವರಿಗಿಲ್ಲ. ಚಿತ್ರಪಟದಲ್ಲಿ ಕಂಡ ಶ್ರಾವಣದ ಜಲಪಾತವು ವೈಶಾಖದಲ್ಲಿಯೂ ಧುಮುಕಬೇಕು. ಲೇಖಕನ ಶಕ್ತಿಯೂ ಹೀಗೆಯೇ ಒಂದು ಕಡೆ ಕಡಮೆಯಾಗಿ ಮತ್ತೊಂದು ಕಡೆ ಹರಿಯುವುದುಂಟು. ಹರಿದ ಕಡೆಯ ನೀರು ಕೆಟ್ಟಿದ್ದರೆ ಅದನ್ನು ರುಚಿ ನೋಡಿ ಹೇಳಲಿ.

2009ರಲ್ಲಿ ಒಬ್ಬ ಓದುಗನು ಇದೇ ಮಾರ್ಟಿನ್ನರ ವಿಳಂಬವನ್ನು ಕುರಿತು ದೂರಿದಾಗ, ನೀಲ್ ಗೇಮನ್ ಎಂಬ ಇಂಗ್ಲಿಷ್ ಲೇಖಕರು ಬಿರುಸಾದ ಉತ್ತರ ಕೊಟ್ಟರು. ಒಂದು ಸಂಪುಟವನ್ನು ಕೊಂಡ ಮಾತ್ರಕ್ಕೆ ಮುಂದಿನ ಸಂಪುಟಗಳಿಗೆ ಕರಾರಾಗಲಿಲ್ಲ, ಲೇಖಕನು ಓದುಗನ ತೊತ್ತಲ್ಲ ಎಂಬುದು ಅದರ ತಾತ್ಪರ್ಯ. ಇದು ಅರ್ಧ ಸತ್ಯವೆಂದು ನಾನು ಎಣಿಸುತ್ತೇನೆ. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ ಕಥಕನನ್ನು “ಆಮೇಲೇನಾಯಿತು?” ಎಂದು ಕೇಳುವುದು ಮಗುವಿನ ಕಾಲದಿಂದ ಬಂದ ಹಕ್ಕು, ಅದನ್ನು ಕೇಳದ ಶ್ರೋತೃವಿಗೆ ಕಥೆ ಹೇಳುವುದರಲ್ಲಿ ಸುಖವೂ ಇಲ್ಲ. ಆರನೆಯ ಸಂಪುಟವನ್ನು ಕೊಡಿರೆಂದು ಧಾರಾಳವಾಗಿ ಕೇಳಲಿ. ನನ್ನ ತಕರಾರು ಇಷ್ಟೆ: ಬಾರದ ಕೃತಿಯ ಸಾಲವನ್ನು ಬಂದ ಕೃತಿಯ ಮೇಲೆ ವಸೂಲು ಮಾಡಬಾರದು. ಅಣ್ಣನು ಹಣ ಕೊಡಬೇಕಾಗಿದ್ದರೆ ತಮ್ಮನ ಎತ್ತನ್ನು ಜಪ್ತಿ ಮಾಡುವುದಕ್ಕೆ ಯಾವ ಮುನ್ಸೀಫನೂ ಅಪ್ಪಣೆ ಕೊಡನು.

ಸಾವಿರದ ನೂರು ವರ್ಷಗಳ ಹಿಂದೆ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಓದುಗರ ಜಾತಿಗಳನ್ನು ವಿಂಗಡಿಸಿಟ್ಟಿದ್ದಾನೆ. ಯಾವುದೂ ರುಚಿಸದವನು ಅರೋಚಕಿ. ಹುಲ್ಲನ್ನೂ ಅನ್ನವನ್ನೂ ಬೇರ್ಪಡಿಸದೆ ನುಂಗುವವನು ಸತೃಣಾಭ್ಯವಹಾರಿ. ಗುಣವನ್ನು ಕಂಡೂ ಹೇಳದವನು ಮತ್ಸರಿ. ಸಾವಿರಕ್ಕೊಬ್ಬನಂತೆ ದೊರೆಯುವವನು ತತ್ತ್ವಾಭಿನಿವೇಶಿ. ನಮ್ಮ ಯುವಕರನ್ನು ಇವುಗಳಲ್ಲಿ ಯಾವುದಕ್ಕೆ ಸೇರಿಸಬೇಕೆಂದು ಯೋಚಿಸಿದೆನು. ಅರೋಚಕಿಗಳೆನ್ನುವಂತಿಲ್ಲ, ಐದು ಸಂಪುಟಗಳನ್ನು ಊಟ ಬಿಟ್ಟು ಓದಿದವರು. ಮತ್ಸರಿಗಳಂತೂ ಅಲ್ಲ. ರಾಜಶೇಖರನ ಕಾಲದಲ್ಲಿ ಇಲ್ಲದಿದ್ದ ಐದನೆಯ ಜಾತಿಯೊಂದು ಹುಟ್ಟಿದೆ: ಎಲೆಯ ಮೇಲೆ ಬಡಿಸಿದ ಪಾಯಸವನ್ನು ಮುಟ್ಟದೆ, ಅಡಿಗೆಮನೆಯಲ್ಲಿ ಇನ್ನೂ ಬೇಯುತ್ತಿರುವುದನ್ನು ಕುರಿತು ಜಗಳವಾಡುವವನು. ಇವನಿಗೆ ಪಾರಿಭಾಷಿಕವಾದ ಹೆಸರನ್ನು ಯಾರಾದರೂ ವಿದ್ವಾಂಸರು ಇಡಲಿ.

ಇನ್ನು “ಮುಂದೇನಾಗುವುದೆಂದು ಗೊತ್ತು, ಆದುದರಿಂದ ಸ್ವಾರಸ್ಯವಿಲ್ಲ” ಎಂಬ ಆಕ್ಷೇಪ. ನಮ್ಮ ಮಂಡ್ಯದ ಸೀಮೆಯಲ್ಲಿ ಹುಟ್ಟಿದವರು ಈ ಮಾತನ್ನು ಆಡುವರಲ್ಲಾ ಎಂಬುದೇ ನನಗೆ ಸೋಜಿಗ. ಇಲ್ಲಿನ ಹಳ್ಳಿಹಳ್ಳಿಯಲ್ಲಿ ಕುರುಕ್ಷೇತ್ರ ನಾಟಕವನ್ನು ಕಟ್ಟುತ್ತಾರೆ. ಹಗಲು ಗದ್ದೆಯಲ್ಲಿ ದುಡಿದವನು ರಾತ್ರಿ ಕಿರೀಟವಿಟ್ಟು ಬೆಳಗಾಗುವವರೆಗೆ ಹಾಡುತ್ತಾನೆ. ಕರ್ಣನು ಸಾಯುವನೆಂಬುದು ಅಲ್ಲಿ ಚಾಪೆ ಹಾಸಿ ಕುಳಿತ ಯಾವ ಮುದುಕಿಗೆ ತಿಳಿಯದು? ತಿಳಿದಿದ್ದೂ ಕುಂತಿಯು ಮಗನ ಬಳಿಗೆ ಬಂದಾಗ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾಳೆ, ತಿಳಿದಿರುವುದರಿಂದಲೇ ಒರಸಿಕೊಳ್ಳುತ್ತಾಳೆ. ನಾಟಕದ ವಸ್ತು ಪ್ರಖ್ಯಾತವಾಗಿರಬೇಕೆಂದು ನಮ್ಮ ಶಾಸ್ತ್ರಕಾರರು ವಿಧಿಸಿದುದು ಹೊಸ ಕಥೆ ಕಟ್ಟಲು ಬಾರದೆ ಹೋದುದರಿಂದಲ್ಲ. ಏನಾಗುವುದೆಂಬ ಕುತೂಹಲವು ಅಡಗಿದ ಮೇಲೆಯೇ ಹೇಗಾಯಿತೆಂಬುದರ ಕಡೆಗೆ ಮನಸ್ಸು ತಿರುಗುತ್ತದೆ. ರಸಕ್ಕೆ ಎಡೆ ಅಲ್ಲಿ. ಪೂರ್ವಕಥೆಗೆ ಈ ಅನುಕೂಲವು ಹುಟ್ಟಿನಿಂದಲೇ ಬಂದಿದೆ. ಡಂಕನ ಹಿಂದೆ ಹೇಸರಗತ್ತೆಯಂತೆ ಹಟಮಾಡುತ್ತ ನಡೆಯುವ ಆ ಬೋಳುತಲೆಯ ಹುಡುಗನು ಮುಂದೆ ಸಿಂಹಾಸನವೇರುವನೆಂದೂ, ಅವನ ಕುಲವು ಕೆಲವೇ ತಲೆಮಾರುಗಳಲ್ಲಿ ಉರುಳುವುದೆಂದೂ ದೊಡ್ಡ ಸಂಪುಟಗಳನ್ನು ಓದಿದವನಿಗೆ ಗೊತ್ತು. ಹುಡುಗನಿಗೆ ಗೊತ್ತಿಲ್ಲ. ಅವನ ಪ್ರತಿಯೊಂದು ನಗುವಿನ ಹಿಂದೆಯೂ ಓದುಗನು ಆ ನೆಳಲನ್ನು ಕಾಣುತ್ತಾನೆ. ಇಂಥ ಭಾಗ್ಯವನ್ನು ಕೈಯಲ್ಲಿಟ್ಟರೆ ದೂರುವುದೆಂದರೇನು?

2013, 2014ರ ಕಥೆಗಳ ವಿಷಯ ಬೇರೆ. ಅವುಗಳ ಮೇಲಣ ಮುಖ್ಯವಾದ ದೂರು, ಅವು ಕಥೆಯಂತಿಲ್ಲ, ಒಣ ಚರಿತ್ರೆಯಂತಿವೆ ಎಂಬುದು. ಇದು ಕೃತಿಯನ್ನು ಓದಿ ಹೇಳಿದ ಮಾತು; ಆದುದರಿಂದ ಇದಕ್ಕೆ ಉತ್ತರ ಸಲ್ಲತಕ್ಕದ್ದು. ಸಿಂಹಾಸನಕ್ಕಾಗಿ ಅಕ್ಕತಮ್ಮಂದಿರ ಪಕ್ಷಗಳು ಕಾದಾಡಿ, ಎರಡು ಕಡೆಯ ಸರ್ಪಗಳೂ ಒಂದನ್ನೊಂದು ಕೊಂದು, ಕಡೆಗೆ ರಾಜಧಾನಿಯ ಜನರೇ ಸರ್ಪಶಾಲೆಗೆ ನುಗ್ಗಿ ಉಳಿದವನ್ನು ಸಾಯಹೊಡೆದ ವೃತ್ತಾಂತ ಅದು. ದೊಡ್ಡ ಸಂಪುಟಗಳ ಕಾಲಕ್ಕೆ ಸರ್ಪಗಳು ಏಕೆ ಇರಲಿಲ್ಲವೆಂಬುದಕ್ಕೆ ಕಾರಣವು ಇಲ್ಲಿ ದೊರೆಯುತ್ತದೆ. ಹೇಳುವವನು ಒಬ್ಬ ಪಂಡಿತ. ಅವನು ಕಣ್ಣಿನಿಂದ ಕಂಡವನಲ್ಲ. ಹಳೆಯ ಬರಹಗಳನ್ನು ತೂಗಿ ನೋಡಿ, ಧರ್ಮಗುರುವೊಬ್ಬನು ಹೀಗೆನ್ನುತ್ತಾನೆ, ಆಸ್ಥಾನದ ವಿದೂಷಕನು ಹಾಗೆನ್ನುತ್ತಾನೆ ಎಂದು ಎರಡನ್ನೂ ಮುಂದಿಡುತ್ತಾನೆ. ಒಬ್ಬನು ಮರ್ಯಾದೆಗಾಗಿ ಮುಚ್ಚಿಡುವವನು. ಇನ್ನೊಬ್ಬನು ನಗೆಗಾಗಿ ಹೆಚ್ಚಿಸುವವನು. ಸತ್ಯವು ಎಲ್ಲಿಯೋ ನಡುವೆ ಇದೆ, ಅಥವಾ ಇಬ್ಬರಿಗೂ ತಪ್ಪಿಸಿಕೊಂಡಿದೆ. ಕೈಫಿಯತ್ತುಗಳನ್ನು ಓದಿ ಬಲ್ಲವರಿಗೆ ಈ ರೀತಿ ಹೊಸದಾಗದು. ನಮ್ಮ ಶಿವನಸಮುದ್ರದ ಗಂಗರಾಜನ ಮನೆತನದ ಕಥೆಯನ್ನೇ ನೋಡಿರಿ. ಮೂರು ತಲೆಮಾರು ಆಳಿ ಅಳಿದುಹೋದವರು. ಅವರಲ್ಲೊಬ್ಬನು ಹೆಂಡತಿಯೊಡನೆ ಕುದುರೆಯೇರಿ ಗಗನಚುಕ್ಕಿಗೆ ಧುಮುಕಿದನೆಂದು ಐತಿಹ್ಯ. ಬಿ. ಎಲ್. ರೈಸ್ ಅವರ ಗ್ಯಾಸೆಟಿಯರಿನಲ್ಲಿ ಇದು ಕೆಲವೇ ಪಂಕ್ತಿಗಳಷ್ಟು. ಆ ಹೆಂಡತಿಯು ಧುಮುಕುವ ಮುನ್ನ ಏನೆಂದಳೆಂದು ಯಾರೂ ಬರೆದಿಲ್ಲ. ಬರೆಯದೆ ಬಿಟ್ಟುದರಿಂದಲೇ ಆ ಬಂಡೆಯ ಮೇಲೆ ನಿಂತಾಗಲೆಲ್ಲ ನನಗೆ ಅವಳ ನೆನಪಾಗುತ್ತದೆ. ಒಣಗಿದ ಚರಿತ್ರೆಯೂ ಹೀಗೆ ಕೆಲಸ ಮಾಡುವುದುಂಟು. ಆದರೂ ಒಂದನ್ನು ಒಪ್ಪತಕ್ಕದ್ದೇ: ‘ಹೆಡ್ಜ್ ನೈಟ್’ನಲ್ಲಿ ಒಬ್ಬಳ ಬೆರಳು ಮುರಿದಾಗ ಆದ ನೋವು, ಈ ವೃತ್ತಾಂತಗಳಲ್ಲಿ ಊರಿಗೂರೇ ಸುಟ್ಟಾಗ ಆಗುವುದಿಲ್ಲ. 2018ರ ದೊಡ್ಡ ಪುಸ್ತಕದಲ್ಲಿ ಈ ಕೊರತೆ ಮತ್ತೂ ಎದ್ದು ಕಾಣುತ್ತದೆ.

ಈಗ ಹಿರಿಯರ ಪಕ್ಷಕ್ಕೆ ಬರುತ್ತೇನೆ. ಅವರು ಪೂರ್ವಕಥೆಯನ್ನೂ ಉತ್ತರಕಥೆಯನ್ನೂ ಒಟ್ಟಿಗೆ ತಳ್ಳಿಬಿಡುವವರು. “ಹಲ್ಲಿಗೆ ರೆಕ್ಕೆ ಕಟ್ಟಿದ ಕಥೆಗೆ ನೀವು ಲೇಖನ ಬರೆಯುವಿರಾ, ಮೇಷ್ಟರೇ?” ಎಂದು ನಮ್ಮ ಸಂಘದ ಹಿರಿಯರೊಬ್ಬರು ಕೇಳಿದರು. ಅವರು ಪ್ರತಿ ವೈಕುಂಠ ಏಕಾದಶಿಯಂದು ಇಲ್ಲಿನ ಮಧ್ಯರಂಗಕ್ಕೆ ಬಂದು, ಆದಿಶೇಷನ ಮೇಲೆ ಪವಡಿಸಿದ ಜಗನ್ಮೋಹನ ರಂಗನಾಥನಿಗೆ ಕೈಮುಗಿದು ಹೋಗುವವರು. ಭಕ್ತಿಯ ವಿಷಯವನ್ನು ನಾನು ಎತ್ತಿ ಆಡುವುದಿಲ್ಲ. ಕಥೆಯ ವಿಷಯವನ್ನಷ್ಟೇ ಕೇಳುತ್ತೇನೆ: ಸರ್ಪಗಳನ್ನು ಬಿಟ್ಟು ಮಹಾಭಾರತವನ್ನು ತೊಡಗುವುದಕ್ಕಾದರೂ ಆದೀತೆ? ಆದಿಪರ್ವದಲ್ಲಿ ಕೌರವ ಪಾಂಡವರು ಬರುವ ಮುಂಚೆಯೇ ಪೌಷ್ಯ, ಪೌಲೋಮ, ಆಸ್ತೀಕಗಳೆಂಬ ಉಪಪರ್ವಗಳು ಬರುತ್ತವೆ. ಉದಂಕನ ಕುಂಡಲವನ್ನು ತಕ್ಷಕನು ಕದಿಯುವುದು, ಕದ್ರೂ ವಿನತೆಯರ ಪಣ, ಗರುಡನು ಅಮೃತವನ್ನು ತರುವುದು, ಪರೀಕ್ಷಿತನ ಮರಣ, ಜನಮೇಜಯನ ಸರ್ಪಯಾಗ, ಆಸ್ತೀಕನು ಅದನ್ನು ನಿಲ್ಲಿಸುವುದು—ಎಲ್ಲವೂ ಹಾವಿನ ಕಥೆ. ಭಾರತವನ್ನು ವೈಶಂಪಾಯನನು ಹೇಳಿದುದೇ ಆ ಯಾಗಶಾಲೆಯಲ್ಲಿ, ಹೋಮಕುಂಡದ ಮಗ್ಗುಲಲ್ಲಿ. ಅಷ್ಟೇ ಅಲ್ಲ. ಭಾರತವನ್ನು ಕೆಲವರು ಮನುವಿನಿಂದ, ಕೆಲವರು ಆಸ್ತೀಕನಿಂದ, ಮತ್ತೆ ಕೆಲವರು ಉಪರಿಚರನಿಂದ ತೊಡಗಿ ಓದುವರೆಂದು ಆದಿಪರ್ವವೇ ಹೇಳುತ್ತದೆ. ಎಂದರೆ, ಕಥೆಯು ಎಲ್ಲಿಂದ ಮೊದಲಾಗುವುದೆಂಬ ವಿವಾದವು ಆ ಕಾಲದಲ್ಲಿಯೇ ಇದ್ದಿತು. ಗ್ರಂಥವು ಮೂವರಿಗೂ ಬಾಗಿಲು ತೆರೆದಿಟ್ಟಿತು.

ಪೂರ್ವಕಥೆಯನ್ನು ಕಡೆಯಲ್ಲಿ ಹೇಳುವುದು ಅಂಗಡಿಯವರ ಉಪಾಯವೆಂಬವರಿಗೆ ಉತ್ತರಕಾಂಡವನ್ನು ನೆನಪಿಗೆ ತರುತ್ತೇನೆ. ರಾವಣನು ಹತನಾಗಿದ್ದಾನೆ, ಪಟ್ಟಾಭಿಷೇಕವೂ ಮುಗಿದಿದೆ. ಆಗ ಅಗಸ್ತ್ಯನನ್ನು ಮುಂದಿಟ್ಟುಕೊಂಡು ರಾಮನು ರಾಕ್ಷಸರ ಹುಟ್ಟನ್ನು ವಿಚಾರಿಸುತ್ತಾನೆ. ಪುಲಸ್ತ್ಯ, ವಿಶ್ರವಸ್ಸು, ಕುಬೇರ, ಲಂಕೆ, ರಾವಣನ ತಪಸ್ಸು, ವರ ಎಲ್ಲವೂ ಆಮೇಲೆ. ಉತ್ತರಕಾಂಡವು ಬೇರೊಂದು ಕೈಯದೆಂದು ಪಂಡಿತರಲ್ಲಿ ಬಹುಮಂದಿ ಹೇಳುತ್ತಾರೆ, ಇರಲಿ. ಯಾರ ಕೈಯದಾದರೂ ಆ ಸ್ಥಾನವನ್ನು ಅರಿತ ಕೈ. ಕೊಲ್ಲುವ ಮುನ್ನ ಶತ್ರುವಿನ ಬಾಲ್ಯವನ್ನು ಕೇಳಿದ್ದರೆ ಅದು ಗೂಢಚಾರಿಕೆಯಾಗುತ್ತಿತ್ತು. ಕೊಂದ ಮೇಲೆ ಕೇಳಿದುದರಿಂದ ಅದು ಬೇರೆಯೇ ಒಂದು ಆಗಿದೆ. ಅದನ್ನು ಓದಿ ಬಂದು ಯುದ್ಧಕಾಂಡವನ್ನು ಮತ್ತೆ ತೆರೆದರೆ ರಾವಣನ ಬೀಳು ಮೊದಲಿನಂತೆ ಇರುವುದಿಲ್ಲ. ಪೂರ್ವಕಥೆಯ ಬೆಲೆಯನ್ನು ಕಟ್ಟುವುದಕ್ಕೆ ಇದಕ್ಕಿಂತ ಬೇರೆ ತಕ್ಕಡಿ ನನಗೆ ತೋರದು. ಮೊದಲೇ ಓದಿದ್ದನ್ನು ಅದು ಬದಲಿಸಿತೆ? ‘ಹೆಡ್ಜ್ ನೈಟ್’ ಬದಲಿಸುತ್ತದೆ.

ಬದಲಿಸದೆ ಕೆಡಿಸುವ ಪೂರ್ವಕಥೆಯೂ ಉಂಟು. ಅದಕ್ಕೂ ನಮ್ಮಲ್ಲಿ ನಿದರ್ಶನವಿದೆ. ದಂಡಿಯ ದಶಕುಮಾರಚರಿತವು ನಮಗೆ ದೊರೆತಿರುವುದು ತಲೆಯೂ ಬಾಲವೂ ಇಲ್ಲದೆ. ನಡುವಿನ ಎಂಟು ಉಚ್ಛ್ವಾಸಗಳು ಮಾತ್ರ ಅವನವೆಂದು ವಿದ್ವಾಂಸರ ಮತ. ಮುಂದಿನ ತಲೆಮಾರಿನ ಯಾರೋ ಪುಣ್ಯಾತ್ಮರು ಪೂರ್ವಪೀಠಿಕೆಯೆಂದು ಐದು ಉಚ್ಛ್ವಾಸಗಳನ್ನು ಬರೆದು ಮುಂದುಗಡೆ ಜೋಡಿಸಿದರು. ಒಂದು ಸಾಲದೆಂದೋ ಏನೋ ಬೇರೆ ಬೇರೆ ಪೀಠಿಕೆಗಳೂ ಹುಟ್ಟಿದುವು. ಪಾಠಶಾಲೆಯಲ್ಲಿ ನಾವು ಮೊದಲು ಬಾಯಿಪಾಠ ಮಾಡಿದುದು ಈ ಪೀಠಿಕೆಯನ್ನೇ. ದಂಡಿಯ ಮಾತಿಗೆ ಬಂದಾಗ ಕಾಲುವೆಯಿಂದ ಹೊಳೆಗೆ ಬಿದ್ದಂತಾಯಿತು. ಶೈಲಿ ಹಾಗಿರಲಿ, ಕುಮಾರರ ವಂಶಪರಿಚಯವೇ ಕೆಲವೆಡೆ ಒಳಗಿನ ಗ್ರಂಥಕ್ಕೆ ಹೊಂದುವುದಿಲ್ಲ. ಇದನ್ನು ಟೀಕಾಕಾರರೂ ಸಂಪಾದಕರೂ ಪುಟ ತೋರಿಸಿ ಎತ್ತಿಹಿಡಿದಿದ್ದಾರೆ. ನಾನು ಕೇಳುವುದು ಇಂಥ ದೂರನ್ನೇ. ಈ ಪುಟದಲ್ಲಿ ಹೀಗಿದೆ, ಆ ಸಂಪುಟದಲ್ಲಿ ಹಾಗಿದೆ, ಎರಡೂ ಕೂಡವು—ಎನ್ನಲಿ. ಅಂಥ ಓದುಗನ ಮುಂದೆ ಎಂಥ ಗ್ರಂಥಕರ್ತನೂ ತಲೆಬಾಗಿಯಾನು.

ಹೆಸರೊಂದಿದ್ದರೆ ಸ್ವರ್ಗವೆಂಬಂತೆ ಎಲ್ಲವನ್ನೂ ಕೊಂಡು ಎಲ್ಲವನ್ನೂ ಹೊಗಳುವ ಪಕ್ಷವೂ ಒಂದುಂಟು. ಪ್ರಕಾಶಕರೂ ಚಿತ್ರೋದ್ಯಮಿಗಳೂ ಬಾಳುತ್ತಿರುವುದು ಇವರಿಂದ. ನಮ್ಮ ಕನ್ನಡದಲ್ಲಿಯೇ 2022ರಲ್ಲಿ ‘ಕಾಂತಾರ’ ಬಂದು, ಅದಕ್ಕೂ ಹಿಂದಿನ ಕಥೆಯು 2025ರಲ್ಲಿ ‘ಅಧ್ಯಾಯ ಒಂದು’ ಎಂಬ ಹೆಸರಿನಿಂದ ಬಂದಿತು. ಎರಡನೆಯದಾಗಿ ಬಂದುದಕ್ಕೆ ಒಂದೆಂಬ ಅಂಕೆ! ಗಣಿತದ ಉಪಾಧ್ಯಾಯರು ಕ್ಷಮಿಸಲಿ. ಆ ಚಿತ್ರದ ಗುಣದೋಷಗಳನ್ನು ಚಿತ್ರವನ್ನು ಬಲ್ಲವರು ಹೇಳಬೇಕು. ನಾನು ಕಂಡುದು ಮನೆಯೊಳಗಿನ ಮಾತು. ನೋಡುವ ಮುನ್ನವೇ ಒಬ್ಬನು ಹೊಗಳಿದನು, ನೋಡುವ ಮುನ್ನವೇ ಇನ್ನೊಬ್ಬನು ತೆಗಳಿದನು. ನೋಡಿಬಂದ ಮೇಲೆ ಇಬ್ಬರೂ ಮೊದಲಿನ ಮಾತನ್ನೇ ಹೇಳಿದರು.

ಇದಕ್ಕಿಂತ ಉತ್ತಮವಾದ ಕೇಳುಗರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಕೊಳ್ಳೇಗಾಲ ಮಳವಳ್ಳಿಗಳ ಕಡೆ ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆಯವರು ಹಾಡುತ್ತಾರಷ್ಟೆ. ಅದು ಸಾಲು ಸಾಲುಗಳಾಗಿ ಹಂಚಿದೆ: ಸಂಕಮ್ಮನ ಸಾಲು, ಬೇವಿನಟ್ಟಿ ಕಾಳಮ್ಮನ ಸಾಲು, ಸರಗೂರಯ್ಯನ ಸಾಲು, ಜುಂಜೇಗೌಡನ ಸಾಲು. ಒಂದು ರಾತ್ರಿಗೆ ಒಂದು ಸಾಲು. ಇಂದು ಮಹಿಮೆಯ ಸಾಲನ್ನು ಕೇಳಿದವರು ನಾಳೆ ಹುಟ್ಟಿನ ಸಾಲನ್ನು ಕೇಳುತ್ತಾರೆ. ಹಿಂದಿನದು ಮುಂದೆ ಬಂದಿತೆಂದು ಯಾರೂ ಎದ್ದುಹೋಗುವುದಿಲ್ಲ. ಆದರೆ ಹಾಡುವವನು ಸಂಕಮ್ಮನ ನೋವಿನ ಎಡೆಯಲ್ಲಿ ಎರಡು ನುಡಿ ನುಂಗಿದರೆ ಮೂಲೆಯಿಂದ ಯಾವಳಾದರೂ ಅಜ್ಜಿ ಕೂಗಿ ಹೇಳುತ್ತಾಳೆ. ಇದು ವಿಮರ್ಶೆ. ಬಿ.ಎ. ಬೇಕಾಗಲಿಲ್ಲ.

ಓದುಗರ ನಾಲಗೆಯ ವಿಷಯದಲ್ಲಿ ನಾನು ಇಷ್ಟು ಬಿಗಿಯಾಗಿ ಮಾತನಾಡುವುದಕ್ಕೆ ಇನ್ನೊಂದು ಕಾರಣವಿದೆ. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು ಬಡ ಉಪಾಧ್ಯಾಯ. ಶಾಲೆಯಲ್ಲಿ ಅಂಗಸಾಧನೆ ಮಾಡಿಸುತ್ತಿದ್ದವನು. ಅವನು ರಾಮಕಥೆಯೆಂಬ ಮಹಾಮಾಲೆಗೆ ‘ಅದ್ಭುತ ರಾಮಾಯಣ’ವೆಂಬ ಚಿಕ್ಕ ಗದ್ಯಕೃತಿಯೊಂದನ್ನು ಬರೆದನು, ಅದರಲ್ಲಿ ಸಾವಿರ ತಲೆಯ ರಾವಣನನ್ನು ಸೀತೆಯೇ ಕೊಲ್ಲುತ್ತಾಳೆ. ಬರೆದವನಿಗೆ ತನ್ನ ಹೆಸರನ್ನು ಹಾಕುವ ಧೈರ್ಯವಾಗಲಿಲ್ಲ. ಯಾವನೋ ಹಳೆಯ ಕವಿಯ ಕೃತಿಯೆಂಬ ನೆಪದಲ್ಲಿ ಮೈಸೂರಿನ ಪತ್ರಿಕೆಗೆ ಕಳುಹಿಸಿದನು. ಹಳೆಯದೆಂದರೆ ತಲೆದೂಗುವ, ಹೊಸದೆಂದರೆ ಹುಬ್ಬು ಗಂಟಿಕ್ಕುವ ವಾಚಕರನ್ನು ಅವನು ಬಲ್ಲವನಾಗಿದ್ದನು. ಮುದ್ದಣನೆಂದು ನಾವು ಕರೆಯುವ ಆ ಮಹಾನುಭಾವನು 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯದಿಂದ ತೀರಿಕೊಂಡನು. ಅವನ ಗುಟ್ಟು ನಾಡಿಗೆ ಚೆನ್ನಾಗಿ ತಿಳಿದುದು ಆಮೇಲೆ. ಬಂದ ಕೃತಿಯನ್ನು ಬಂದ ಕೃತಿಯೆಂದೇ ಓದುವ ಹತ್ತು ಮಂದಿ ಇದ್ದಾರೆಂಬ ನಂಬಿಕೆಯಿದ್ದಿದ್ದರೆ ಅವನು ತನ್ನ ಹೆಸರನ್ನು ಮರೆಮಾಡುತ್ತಿದ್ದನೆ?

ಅಂಥ ಓದುಗಳನ್ನು ಅವನು ಕಡೆಗೆ ತಾನೇ ಸೃಷ್ಟಿಸಿಕೊಂಡನು. ‘ಶ್ರೀರಾಮಾಶ್ವಮೇಧ’ದ ಮನೋರಮೆ ಸುಮ್ಮನೆ ಕುಳಿತು ಕೇಳುವವಳಲ್ಲ. ಮಳೆಗಾಲದ ಸಂಜೆ ಗಂಡನನ್ನು ಕಥೆ ಹೇಳೆಂದು ಪೀಡಿಸಿ, ಯಾವ ಕಥೆ ಬೇಕು ಯಾವುದು ಬೇಡವೆಂದು ವಾದಿಸಿ, ಪದ್ಯವು ಬೇಡವೆಂದು ತಳ್ಳಿ, ವರ್ಣನೆ ಉದ್ದವಾದರೆ ತಡೆದು, ಸಂಸ್ಕೃತ ಹೆಚ್ಚಾದರೆ ಆಕ್ಷೇಪಿಸಿ, ಬೇಕಾದಲ್ಲಿ ಕಣ್ಣೀರನ್ನೂ ಹಾಕುತ್ತಾಳೆ. ಅವಳಷ್ಟು ದೂರುವ ಓದುಗಳು ಕನ್ನಡದಲ್ಲಿ ಬೇರೊಬ್ಬಳಿಲ್ಲ. ಆದರೆ ಅವಳು ದೂರುವುದು ಆಗತಾನೆ ಗಂಡನ ಬಾಯಿಂದ ಬಿದ್ದ ಮಾತನ್ನು ಕುರಿತು. ಆ ಮಾತು ಅವಳಿಂದಾಗಿ ತಿದ್ದಿಕೊಳ್ಳುತ್ತದೆ. ಕಥೆಯು ಅವಳಿಂದಾಗಿ ಹಗುರವಾಗುತ್ತದೆ.

ನಮ್ಮ ಯುವಕರ ಕಡೆಯ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಡಂಕನ ಕಥೆಗಳು ಒಟ್ಟು ಮೂರು. ಎರಡನೆಯದು 2003ರಲ್ಲಿ, ಮೂರನೆಯದು 2010ರಲ್ಲಿ ಬಂದಿತು. ಮೂರನ್ನೂ ಕೂಡಿಸಿ 2015ರಲ್ಲಿ ಒಂದು ಪುಸ್ತಕವಾಯಿತು. ಇನ್ನೂ ಕೆಲವನ್ನು ಬರೆಯುವ ಸಂಕಲ್ಪವಿದೆಯೆಂದು ಗ್ರಂಥಕರ್ತರು ಹೇಳಿದ್ದರು. ಈ ಸಣ್ಣ ಪೂರ್ವಕಥೆಗಳಿಂದ ದೊಡ್ಡ ಸಂಪುಟಕ್ಕೆ ಮೋಸವಾಯಿತೆಂದು ವರ್ಷಗಟ್ಟಲೆ ಗೊಣಗಿದ ಹುಡುಗನೊಬ್ಬನು ಮೊನ್ನೆ ನನ್ನಲ್ಲಿಗೆ ಬಂದು, ಎರವಲು ಒಯ್ದಿದ್ದ ಆ ಪುಸ್ತಕವನ್ನು ಹಿಂದಿರುಗಿಸಿ, “ತಾತ, ನಾಲ್ಕನೆಯದು ಇನ್ನೂ ಬಂದಿಲ್ಲವಲ್ಲ, ಇದೇನು ಅನ್ಯಾಯ?” ಎಂದು ಕೇಳಿದನು.